ಶ್ರಾವಣ ಮುಗಿದರೂ ಹೋಗದ ಗಡ್ಡ

ಕಳೆದ ವಾರ ಗೋವಾದ ಫೋಂಡಾ ಪೇಟೆಗೆ ಮೊಳೆ ಕೊಳ್ಳಲು ಹೋಗಿದ್ದೆ. ಗೋಡೆಗೆ ಕ್ಯಾಲೆಂಡರ್ ತೂಗುಹಾಕಲು ನನಗೆ ಬೇಕಾಗಿದ್ದುದು ಒಂದೇ ಒಂದು ಮೊಳೆ. ಆದರೆ ಒಂದು ಮೊಳೆ ಮಾರುವುದು ತನ್ನ ವಂಶಕ್ಕೇ ಕುಂದು ಎನ್ನುವ ಹಾಗೆ ಅಂಗಡಿಯವನು ನೋಡಿದ್ದರಿಂದ ಕಾಲು ಕಿಲೋ ಎಂದುಬಿಟ್ಟೆ. ಅವನು ತೂಗುತ್ತಿದ್ದಾಗ ಅಂಗಡಿಯ ಹಿಂಬದಿಯಲ್ಲಿ ಯಾರೋ ಹಳೆಯದೊಂದು ತಾಡಪತ್ರಿಯ ಸುರುಳಿ ಬಿಚ್ಚಿದರು. ಈಗ ಎಲ್ಲೆಲ್ಲೂ ಕಾಣುವ ನೀಲಿ ಪ್ಲಾಸ್ಟಿಕ್ ಅಲ್ಲ, ಮೇಣ ಹಚ್ಚಿದ ದಪ್ಪ ಹಸಿರು ಬಟ್ಟೆಯದು. ಒಂದು ಕಾಲದಲ್ಲಿ ಅದಿರಿನ ಲಾರಿಗಳ ಮೇಲೆ ಹೊದಿಸುತ್ತಿದ್ದ ಜಾತಿಯದು. ಮೇಣ, ಸೀಮೆಎಣ್ಣೆ, ಒದ್ದೆ ಮಣ್ಣು, ಜೊತೆಗೆ ಚೂರು ಇಲಿ... ಆ ವಾಸನೆ ಮೂಗಿಗೆ ಬಡಿದದ್ದೇ ತಡ, ನಾನು ಮೊಳೆಯನ್ನೂ ಮರೆತೆ, ಕ್ಯಾಲೆಂಡರನ್ನೂ ಮರೆತೆ.

ತಾಡಪತ್ರಿ ಬೇಕೇ ಎಂದು ಅಂಗಡಿಯವನು ಕೊಂಕಣಿಯಲ್ಲಿ ಕೇಳಿದ. ನನ್ನಲ್ಲಿ ಲಾರಿ ಇಲ್ಲ, ಲಾರಿ ಇರುವವರ ಸ್ನೇಹವೂ ಈಗ ಉಳಿದಿಲ್ಲ. ಆದರೂ ಬೇಕು ಎಂದೆ. ಯಾಕೆ ಬೇಕಾಯಿತು ಎಂಬುದನ್ನು ಹೇಳಬೇಕಾದರೆ ನಾವೆಲ್ಲ ಕಾಕು, ಅಂದರೆ ಚಿಕ್ಕಮ್ಮ, ಎಂದು ಕರೆಯುತ್ತಿದ್ದ ಒಬ್ಬಾಕೆಯ ವಿಷಯ ಹೇಳಬೇಕು. ಕಾಕುವಿನ ವಿಷಯ ಹೇಳುವ ಮೊದಲು, ಓದುಗರು ದಯವಿಟ್ಟು ನಗಬಾರದು, ನಾನು ಸಂತನಾಗಿದ್ದ ವಿಷಯ ಹೇಳಬೇಕು.

ನಾನು ಒಟ್ಟು ಒಂದು ತಿಂಗಳು ಸಂತನಾಗಿದ್ದೆ. ಗಣಿ ನಿಂತ ವರ್ಷದ ಶ್ರಾವಣ ಮಾಸದಲ್ಲಿ.

ಆಗ ನಾನು ಸಾವರ್ಡೆಯ ಹತ್ತಿರ ಒಂದು ಕಾಟಾದಲ್ಲಿ ಕ್ಲಾರ್ಕನಾಗಿದ್ದೆ. ಕಾಟಾ ಎಂದರೆ ಅದಿರು ತುಂಬಿದ ಲಾರಿಯನ್ನು ಇಡಿಯಾಗಿ ತೂಗುವ ಯಂತ್ರ. ಲಾರಿ ಹಾಸಿನ ಮೇಲೆ ಏರಿ ನಿಲ್ಲುತ್ತದೆ, ಕಿಟಕಿಯೊಳಗಿನ ಡಬ್ಬಿಯಲ್ಲಿ ಅಂಕಿ ಕಾಣುತ್ತದೆ, ನಾನು ಅದನ್ನು ಚೀಟಿಯಲ್ಲಿ ಬರೆದು ಮುದ್ರೆ ಒತ್ತುತ್ತೇನೆ. ಹದಿನೇಳು ವರ್ಷ ಈ ಮಹತ್ಕಾರ್ಯ ಮಾಡಿದೆ. ಡ್ರೈವರುಗಳು ನನ್ನನ್ನು 'ಕಾಟಾ ಸಾಹೇಬ್ರ' ಎನ್ನುತ್ತಿದ್ದರು. ಬಿಜಾಪುರದ ಕಡೆಯಿಂದ ಒಂದು ಟ್ರಂಕು ಹಿಡಿದು ಬಂದವನಿಗೆ ಸಾಹೇಬ್ರ ಎಂದು ಕರೆಸಿಕೊಳ್ಳುವುದು ಸಣ್ಣ ಸಂಗತಿಯಲ್ಲ. ಆ ಪದವನ್ನು ನಾನು ಇಸ್ತ್ರಿ ಮಾಡಿದ ಅಂಗಿಯ ಹಾಗೆ ದಿನಾ ತೊಟ್ಟುಕೊಳ್ಳುತ್ತಿದ್ದೆ.

ಆಮೇಲೆ ಗಣಿ ನಿಂತಿತು. ಮಳೆಗಾಲದಲ್ಲಿ ಪ್ರತಿ ವರ್ಷವೂ ನಿಲ್ಲುತ್ತಿತ್ತು, ಮಳೆ ಮುಗಿದೊಡನೆ ಶುರುವಾಗುತ್ತಿತ್ತು. ಈ ಸಲ ಬೇಸಿಗೆಯಲ್ಲೇ ನಿಂತಿತು. ಮತ್ತೆ ಯಾವಾಗ ಎಂದು ಕೇಳಿದರೆ ಎಲ್ಲರೂ ಆಕಾಶ ನೋಡುತ್ತಿದ್ದರು. ನಮ್ಮ ವಸ್ತಿಯಲ್ಲಿ ಬಹುತೇಕ ನಮ್ಮ ಕಡೆಯವರೇ. ಅರ್ಧ ಮನೆಗಳು ಖಾಲಿಯಾದವು. ನನ್ನ ಹೆಂಡತಿ ಅದಕ್ಕೂ ಮೊದಲೇ ಮಗಳನ್ನು ಕರೆದುಕೊಂಡು ಊರಿಗೆ ಹೋಗಿದ್ದಳು, ಅವಳ ತಾಯಿಗೆ ಲಕ್ವಾ ಹೊಡೆದು ನೋಡಿಕೊಳ್ಳುವವರಿರಲಿಲ್ಲ. ಕಾಟಾ ಕಾಯಲು ಒಬ್ಬರು ಬೇಕು ಎಂದು ಮಾಲೀಕರು ನನ್ನನ್ನು ಉಳಿಸಿಕೊಂಡರು. ಲಾರಿಯೇ ಬಾರದ ಕಾಟಾವನ್ನು ಯಾರು ಕದಿಯುತ್ತಾರೆ ಎಂದು ಅವರೂ ಯೋಚಿಸಲಿಲ್ಲ, ನಾನೂ ಯೋಚಿಸಲಿಲ್ಲ.

ಒಂದು ದಿನ ಬೇಸರಕ್ಕೆ ಯಂತ್ರ ಚಾಲೂ ಮಾಡಿ ನಾನೇ ಹಾಸಿನ ಮೇಲೆ ನಿಂತು, ಕಿಟಕಿಯೊಳಗೆ ಬಗ್ಗಿ ನೋಡಿದೆ. ಸೊನ್ನೆ ತೋರಿಸಿತು. ಟನ್ನುಗಟ್ಟಲೆ ತೂಗುವ ಯಂತ್ರಕ್ಕೆ ಮನುಷ್ಯ ಎಂಬುದು ಲೆಕ್ಕಕ್ಕೆ ಬರುವ ವಸ್ತುವಲ್ಲ. ಅದು ನನಗೂ ಗೊತ್ತಿತ್ತು, ಅದರ ಕೈಪಿಡಿ ಓದಿದ್ದವನೇ ನಾನು. ಆದರೂ ಆ ಸೊನ್ನೆ ಕಣ್ಣಿನಿಂದ ಹೋಗಲಿಲ್ಲ. ಅದೇ ಕಾರಣ ಎಂದು ಹೇಳಲಾರೆ, ಗಣಿಯೇ ಕಾರಣ ಎಂದೂ ಹೇಳಲಾರೆ. ಮನಸ್ಸು ಅದಕ್ಕೂ ಎಷ್ಟೋ ಮೊದಲಿನಿಂದ ಒಳಗೊಳಗೇ ತುಕ್ಕು ಹಿಡಿಯುತ್ತಿತ್ತು ಅನಿಸುತ್ತದೆ. ಕೆಲಸದ ಗದ್ದಲದಲ್ಲಿ ನನಗೆ ಅದರ ಸದ್ದು ಕೇಳಿಸಿರಲಿಲ್ಲ...

ನಿದ್ದೆ ಹೋಯಿತು. ಹಸಿವು ಹೋಯಿತು. ಮಾತು ಹೋಯಿತು, ಯಾರಾದರೂ ಏನಾದರೂ ಕೇಳಿದರೆ ಉತ್ತರ ಹೊಟ್ಟೆಯಿಂದ ಬಾಯಿಗೆ ಬರುವಷ್ಟರಲ್ಲಿ ಸುಸ್ತಾಗುತ್ತಿತ್ತು. ಗಡ್ಡ ಬೆಳೆಯಿತು. ಮಂಚ ಬಿಟ್ಟು ನೆಲದ ಮೇಲೆ ಮಲಗತೊಡಗಿದೆ. ಹಾಸಿಗೆ ಕೊಡವಲು ಕೈ ಏಳುತ್ತಿರಲಿಲ್ಲ.

ಇಷ್ಟರಲ್ಲಿ ಶ್ರಾವಣ ಬಂತು. ನಮ್ಮ ಕಡೆಯ ಗಂಡಸರು ಶ್ರಾವಣದಲ್ಲಿ ಗಡ್ಡ ಬೋಳಿಸುವುದಿಲ್ಲ; ಉಪವಾಸ ಇರುವವರುಂಟು, ನೆಲದ ಮೇಲೆ ಮಲಗುವವರುಂಟು, ಮೌನ ಹಿಡಿಯುವವರೂ ಉಂಟು. ವಸ್ತಿಯ ಜನ ನನ್ನನ್ನು ನೋಡಿದರು: ಗಡ್ಡ ಇದೆ, ಊಟ ಇಲ್ಲ, ಮಾತಿಲ್ಲ, ಚಾಪೆಯೂ ಇಲ್ಲ. ಒಬ್ಬ ಮನುಷ್ಯನಲ್ಲಿ ಇಷ್ಟೊಂದು ವ್ರತಗಳು ಏಕಕಾಲಕ್ಕೆ ಕೂಡಿದ್ದನ್ನು ಅವರು ಎಂದೂ ಕಂಡಿರಲಿಲ್ಲ.

"ಸಾಹೇಬ್ರು ಭಾಳ ಕಟ್ಟಾ ವ್ರತಾ ಹಿಡದಾರ ನೋಡ್ರಿ ಈ ಸಲ," ಎಂದು ಪಕ್ಕದ ಮನೆಯಾಕೆ ನಲ್ಲಿಯ ಹತ್ತಿರ ಹೇಳುತ್ತಿದ್ದುದು ನನಗೆ ಕೇಳಿಸಿತು. ಮೊದಲ ಸೋಮವಾರ ನನ್ನ ಹೊಸ್ತಿಲ ಮೇಲೆ ಎರಡು ಬಾಳೆಹಣ್ಣು ಬಂದವು. ಎರಡನೆಯ ಸೋಮವಾರ ಒಂದು ಡಜನ್. ಮೂರನೆಯ ಸೋಮವಾರ ಒಬ್ಬಾಕೆ ಮಗಳನ್ನು ಕರೆತಂದು ನನ್ನ ಕಾಲಿಗೆ ಬೀಳಿಸಿ, "ಅಜ್ಜಾರ, ಇಕಿಗೊಂದು ಚಲೋ ಮನೀ ಸಿಗಲಿ ಅನ್ರಿ," ಎಂದಳು, ನಮ್ಮ ಕಡೆ ಮಠದ ಸ್ವಾಮಿಗಳನ್ನು ಕರೆಯುವ ಹಾಗೆ. ನಾನು ಏನೂ ಅನ್ನಲಿಲ್ಲ. ವಾರದೊಳಗೆ ಕುಡಚಡೆಯ ಒಂದು ಮನೆತನ ಕೂಡಿಬಂತು. ಅಲ್ಲಿಗೆ ನನ್ನ ಕೀರ್ತಿ ವಸ್ತಿಯ ಗಡಿ ದಾಟಿತು.

ಈ ನಡುವೆ ನಾನು ನನ್ನ ಸಾಮಾನುಗಳನ್ನು ಒಂದೊಂದಾಗಿ ಕೊಡತೊಡಗಿದ್ದೆ. ರೇಡಿಯೋ ಪಕ್ಕದ ಮನೆಗೆ, ಟಿಫಿನ್ ಡಬ್ಬಿ ಗೋಡೆ ಕಟ್ಟುವ ಗೌಂಡಿಯೊಬ್ಬನಿಗೆ, ಛತ್ರಿ ಒಬ್ಬ ಲಾರಿ ಡ್ರೈವರನಿಗೆ. ಜನ ಅದನ್ನು ದಾನ ಎಂದರು, ಕಣ್ಣಿಗೊತ್ತಿಕೊಂಡು ತೆಗೆದುಕೊಂಡರು. ಅವರ ಮೇಲೆ ನನಗೆ ಸಿಟ್ಟಿಲ್ಲ. ನನ್ನ ಬಗ್ಗೆ ಅಷ್ಟು ದೊಡ್ಡ ಅಭಿಪ್ರಾಯ ಅದಕ್ಕೆ ಮೊದಲೂ ಯಾರಿಗೂ ಇರಲಿಲ್ಲ, ಆಮೇಲೂ ಬರಲಿಲ್ಲ. ಆದರೆ ಒಬ್ಬ ಮನುಷ್ಯ ಕಣ್ಣೆದುರಿಗೇ ಮುಳುಗುತ್ತಿದ್ದಾಗ ದಡದಲ್ಲಿ ನಿಂತ ಊರು ಅವನಿಗೆ ಕೈ ಮುಗಿಯುತ್ತಿತ್ತು ಎಂಬುದನ್ನು ನೆನೆದರೆ ಇವತ್ತಿಗೂ ನಗು ಬರುತ್ತದೆ... ಪೂರಾ ನಗುವಲ್ಲ.

ಕೈ ಮುಗಿಯದವಳು ಒಬ್ಬಳೇ. ಆಕೆಯೇ ತಾಡಪತ್ರಿ ಕಾಕು.

ಲಾರಿಗಳು ನಿಲ್ಲುವ ಬಯಲಿನ ಅಂಚಿಗೆ ಆಕೆಯ ತಗಡಿನ ಶೆಡ್ಡು. ಅರವತ್ತು ದಾಟಿದ ಹೆಂಗಸು, ಇಳಕಲ್ ಸೀರೆ, ದಾರದಿಂದ ಕಟ್ಟಿದ ಕನ್ನಡಕ, ಬಲ ಅಂಗೈಗೆ ಒಂದು ತೊಗಲಿನ ತುಂಡು, ಎಡ ದವಡೆಯಲ್ಲಿ ತಂಬಾಕು. ಗಂಡ ಸತ್ತ ಮೇಲೆ ಅವನ ದಬ್ಬಣ ಹಿಡಿದು ಲಾರಿಗಳ ತಾಡಪತ್ರಿ ಹೊಲಿಯುತ್ತ ಬಂದವಳು. ದಬ್ಬಣವೆಂದರೆ ಗೋಣಿ ಹೊಲಿಯುವ ದೊಡ್ಡ ಸೂಜಿ. ಆಕೆಯ ಕೈಯಲ್ಲಿ ಅದು ಸೂಜಿಗಿಂತ ಹೆಚ್ಚಾಗಿ ರಾಜದಂಡದ ಹಾಗೆ ಕಾಣುತ್ತಿತ್ತು. ತಾಡಪತ್ರಿ ಹರಿದುಕೊಂಡು ಬಂದ ಡ್ರೈವರನನ್ನು ಆಕೆ ಬೈಯುವುದನ್ನು ಕೇಳಲೆಂದೇ ಬೇರೆ ಡ್ರೈವರುಗಳು ಚಹಾ ಹಿಡಿದು ಬಂದು ಕೂರುತ್ತಿದ್ದರು. ಹದಿನೇಳು ವರ್ಷದಲ್ಲಿ ನನಗೂ ಆಕೆಗೂ ನಡೆದ ಮಾತುಕತೆ 'ಏನ್ರಿ ಸಾಹೇಬ್ರ' ಮತ್ತು 'ಆರಾಮ್ರಿ ಕಾಕು' ಎಂಬಷ್ಟೇ.

ಅಮಾವಾಸ್ಯೆ ಆಯಿತು, ಶ್ರಾವಣ ಮುಗಿಯಿತು. ಮರುದಿನ ಬೆಳಿಗ್ಗೆ ವಸ್ತಿಯ ಗಂಡಸರೆಲ್ಲ ಕ್ಷೌರದಂಗಡಿಯ ಮುಂದೆ ಸಾಲು ಹಚ್ಚಿ, ಒಬ್ಬೊಬ್ಬರಾಗಿ ಹಳೆಯ ಮುಖಗಳೊಂದಿಗೆ ಹೊರಬರುತ್ತಿದ್ದರು. ನಾನು ನನ್ನ ಹೊಸ್ತಿಲ ಮೇಲೆ ಕುಳಿತು ಮಳೆ ನೋಡುತ್ತಿದ್ದೆ. ಆಗ ಕಾಕು ಬಂದಳು. ಬಿಚ್ಚಿದ ಛತ್ರಿಯ ಕೆಳಗೆ ನಿಂತು ನನ್ನನ್ನೇ ನೋಡಿದಳು.

"ಇದು ಯಾರ ಛತ್ರಿ?"

ನಾನು ಛತ್ರಿ ನೋಡಿದೆ. ನನ್ನದೇ.

"ಆ ಡ್ರೈವರನ ಕಡಿಂದ ಕಸಗೊಂಡು ಬಂದೇನಿ. ದೇವರಿಗೆ ಹಣ್ಣು ಬಿಟ್ಟವರನ್ನ ಕಂಡೇನಿ, ಉಪ್ಪು ಬಿಟ್ಟವರನ್ನ ಕಂಡೇನಿ. ಗೋವಾದ ಮಳಿಯಾಗ ಛತ್ರಿ ಬಿಟ್ಟವನ್ನ ಎಲ್ಲೂ ಕಂಡಿಲ್ಲ." ಆಕೆ ಛತ್ರಿ ಮಡಚಿ ನನ್ನ ಗೋಡೆಗೆ ಆನಿಸಿದಳು. "ಶ್ರಾವಣ ನಿನ್ನೆ ಮುಗೀತು. ಎಲ್ಲಾರ ಗಡ್ಡ ಹೋತು. ನಿಂದ್ಯಾಕ ಇನ್ನೂ ಐತಿ?"

ನಾನು ಗಡ್ಡ ಮುಟ್ಟಿ ನೋಡಿಕೊಂಡೆ.

"ಇರಲಿ. ನನ್ನ ಸೊಸಿ ಹಡಿಯಾಕ ತವರಮನಿಗೆ ಹೋಗ್ಯಾಳ. ತಾಡಪತ್ರಿ ಆಚೀ ಕಡಿ ಕುಂದ್ರಾಕ ಮಂದಿ ಇಲ್ಲ. ಚೌತಿ ಮೂರು ದಿನಾ ಐತಿ, ಗಣಪತಿ ಮಂಟಪದವರು ನನ್ನ ಕುತ್ತಿಗಿ ಮ್ಯಾಲ ಕುಂತಾರ. ಏಳು."

"ನಂಗ ಹೊಲಿಯಾಕ ಬರಂಗಿಲ್ರಿ," ಎಂದೆ. ಎಷ್ಟೋ ದಿನಗಳ ನಂತರ ನಾನು ಆಡಿದ ಮೊದಲ ಪೂರ್ತಿ ವಾಕ್ಯ.

"ಮಾತು ಬರ್ತಾವಲ್ಲ. ಅಷ್ಟು ಸಾಕು."

ಪಕ್ಕದ ಮನೆಯಾಕೆ ಬಾಗಿಲಲ್ಲಿ ನಿಂತು ಎದೆಗೆ ಕೈಯಿಟ್ಟುಕೊಂಡಳು. ಸ್ವಾಮಿಗಳ ಮೌನ ಮುರಿಸಿದ ಪಾಪ ತಾಡಪತ್ರಿ ಕಾಕುವಿಗೆ ತಟ್ಟದೆ ಬಿಡುವುದಿಲ್ಲ ಎಂದು ಅವತ್ತು ನಲ್ಲಿಯ ಹತ್ತಿರ ತೀರ್ಮಾನವಾಯಿತಂತೆ.

ತಾಡಪತ್ರಿ ಹೊಲಿಯುವುದರಲ್ಲಿ ಒಂದು ರೀತಿ ಇದೆ. ಅಂಚು ಹೊಲಿಯಲು ಒಬ್ಬರು ಸಾಕು. ನಡುವೆ ಹರಿದಿದ್ದರೆ ಒಬ್ಬರ ಕೈ ಆಚೆಗೆ ಮುಟ್ಟುವುದಿಲ್ಲ. ಅದನ್ನು ಅಡ್ಡ ಬಿದಿರಿನ ಮೇಲೆ ಗೋಡೆಯ ಹಾಗೆ ಇಳಿಬಿಟ್ಟು ಈಚೆ ಒಬ್ಬರು, ಆಚೆ ಒಬ್ಬರು ಕೂರಬೇಕು. ಈಚೆಯವರು ದಬ್ಬಣ ಚುಚ್ಚಿ, "ಬಂತೇನು?" ಎಂದು ಕೂಗುತ್ತಾರೆ. ಆಚೆಯವರು ಮೊನೆ ಹಿಡಿದು ಎಳೆದು "ಬಂತು" ಎಂದು, ಮತ್ತೆ ಚುಚ್ಚಿ ಈಚೆಗೆ ಕಳಿಸುತ್ತಾರೆ. ಮುಖ ಕಾಣುವುದಿಲ್ಲ. ನಡುವೆ ಹಸಿರು ಬಟ್ಟೆ, ಆ ವಾಸನೆ, ಮೇಲೆ ತಗಡಿಗೆ ಬಡಿಯುವ ಮಳೆ. ನಮ್ಮ ಮಾಲೀಕರು ಚರ್ಚಿನಲ್ಲಿ ಪಾದ್ರಿಗಳ ಎದುರು ಜಾಲರಿಯ ಹಿಂದೆ ಕುಳಿತು ತಪ್ಪು ಒಪ್ಪಿಕೊಳ್ಳುತ್ತಾರೆ ಎಂದು ಕೇಳಿದ್ದೆ. ನಮ್ಮದೂ ಹೆಚ್ಚುಕಡಿಮೆ ಹಾಗೇ ಇತ್ತು. ನಮ್ಮ ಪಾದ್ರಿ ನಡುನಡುವೆ ತಂಬಾಕು ಉಗುಳುತ್ತಿದ್ದಳು.

ಮೊದಲ ದಿನ "ಬಂತೇನು", "ಬಂತು" ಬಿಟ್ಟು ಬೇರೆ ಮಾತಿಲ್ಲ. ಮಧ್ಯಾಹ್ನ ಆಕೆ ರೊಟ್ಟಿ, ಪುಂಡಿಪಲ್ಯ ಕೊಟ್ಟಳು. ಅರ್ಧ ರೊಟ್ಟಿ ಇಳಿಯಿತು. ಉಳಿದರ್ಧದ ಬಗ್ಗೆ ಆಕೆ ಏನೂ ಅನ್ನಲಿಲ್ಲ. ಎರಡನೆಯ ದಿನ ಮಂಟಪದ ದೊಡ್ಡ ತಾಡಪತ್ರಿ, ನಡುವೆ ಮೊಳದುದ್ದದ ಹರಕು. ಅರ್ಧ ಹೊಲಿದಿದ್ದೆವು. ಆಚೆಯಿಂದ ದಬ್ಬಣ ಬರುವ ಬದಲು ಮಾತು ಬಂತು.

"ತಮ್ಮಾ, ಒಂದು ಮಾತು ಕೇಳ್ತೇನಿ. ಸುತ್ತಿ ಬಳಸಿ ಕೇಳಾಕ ನಂಗ ಬರಂಗಿಲ್ಲ. ಸಾಯಬೇಕು ಅಂತ ಅನಸಾಕತ್ತೈತೇನು ನಿನಗ?"

ಯಾರೂ ಹಾಗೆ ಕೇಳಿರಲಿಲ್ಲ. ಏನಾಯಿತು ಸಾಹೇಬ್ರ ಎಂದಿದ್ದರು, ಧೈರ್ಯ ಇರಲಿ ಎಂದಿದ್ದರು, ಹೆಂಡತಿಯ ನೆನಪೇ ಎಂದು ಚೇಷ್ಟೆ ಮಾಡಿದ್ದರು. ಆ ಶಬ್ದವನ್ನು ಬಾಯಲ್ಲಿ ತಂದರೆ ಅದು ಎದ್ದು ಬಂದು ಹೆಗಲೇರುತ್ತದೆ ಎಂಬಂತೆ ಎಲ್ಲರೂ ಅದರ ಸುತ್ತ ನಡೆಯುತ್ತಿದ್ದರು. ಕಾಕು ಅದನ್ನು ರೊಟ್ಟಿಯ ಹಾಗೆ ತಟ್ಟಿ ಮುಂದೆ ಇಟ್ಟಿದ್ದಳು. ವಿಚಿತ್ರವೆಂದರೆ ನನಗೆ ಭಯವಾಗಲಿಲ್ಲ. ತಿಂಗಳುಗಟ್ಟಲೆ ಒಬ್ಬನೇ ಹೊತ್ತ ಮೂಟೆಗೆ ಆಚೆಯಿಂದ ಯಾರೋ ಕೈ ಹಚ್ಚಿದಂತಾಯಿತು.

"ಹೌದ್ರಿ," ಎಂದೆ.

ಮಳೆ ಸುರಿಯುತ್ತಿತ್ತು.

"ಯಾವತ್ತು ಅಂತ ದಿನಾ ಗೊತ್ತು ಮಾಡೀಯೇನು?"

"ಗಣಪತಿ ಹೋದ ಮ್ಯಾಲೆ."

"ಆಮ್ಯಾಲೆ ಯಾಕ?"

"ಮಂದೀದು ಹಬ್ಬಾ ಕೆಡಬಾರದಲ್ರಿ."

ಆಚೆ ಕಡೆ ಕಾಕು ತಂಬಾಕು ಉಗುಳಿದಳು. "ಆಹಾಹಾ, ಏನು ಉಪಕಾರಪಾ ನಿಂದು," ಎಂದಳು. ದನಿ ಒಡೆದಿತ್ತು. ನನಗೆ ನಗು ಬಂತು, ನಗುವಿನ ಬಾಲ ಹಿಡಿದು ಅಳು ಬಂತು. ತಾಡಪತ್ರಿಗೆ ಹಣೆ ಒತ್ತಿ ಅತ್ತೆ. ಆಕೆ ಸಮಾಧಾನ ಹೇಳಲಿಲ್ಲ, ಬುದ್ಧಿ ಹೇಳಲಿಲ್ಲ, ಹೆಂಡತಿ ಮಗಳ ಮುಖ ನೋಡು ಎನ್ನಲಿಲ್ಲ. ಅತ್ತು ಮುಗಿಯುವವರೆಗೆ ಆಚೆ ಕುಳಿತೇ ಇದ್ದಳು. ತಂಬಾಕು ಜಗಿಯುವ ಸದ್ದಿನಿಂದ ಅದು ನನಗೆ ಗೊತ್ತಾಗುತ್ತಿತ್ತು.

ಆಮೇಲೆ ನಾನೇ ಹೇಳತೊಡಗಿದೆ. ಸೊನ್ನೆಯ ವಿಷಯವನ್ನೂ ಹೇಳಿದೆ. ಕಾಟಾದ ಮೇಲೆ ನಿಂತರೆ ಯಂತ್ರಕ್ಕೆ ನಾನು ಇದ್ದೇನೆ ಎಂದೇ ಗೊತ್ತಾಗುವುದಿಲ್ಲ ಎಂದೆ.

"ಅದು ಲಾರಿ ತೂಗೂದೋ ಹುಚ್ಚಾ! ಬೆಳ್ಳಿ ಬಂಗಾರ ತೂಗೋ ತಕ್ಕಡಿ ಮ್ಯಾಲೆ ಲಾರಿ ನಿಂದ್ರಿಸ್ತೀಯೇನು?" ಎಂದಳು. ಆಮೇಲೆ ದನಿ ಇಳಿಸಿ, ತನ್ನ ತಮ್ಮನ ವಿಷಯ ಹೇಳಿದಳು. ಊರಿನಲ್ಲಿದ್ದ ಒಬ್ಬನೇ ತಮ್ಮ. ಒಂದು ವರ್ಷ ಇದ್ದಕ್ಕಿದ್ದಂತೆ ಮೆತ್ತಗಾದ. ಜಗಳ ಬಿಟ್ಟ, ಗೆಳೆಯರನ್ನು ಬಿಟ್ಟ. ಹುಡುಗ ಶ್ಯಾಣ್ಯಾ ಆದ ಎಂದು ಮನೆಯವರು ಹಿಗ್ಗಿದರು. "ನಂಗ ಒಳಗ ಏನೋ ಕುಟುಕ್ತಿತ್ತು. ಕೇಳಿದ್ರ ಇಲ್ಲದ್ದು ತಲ್ಯಾಗ ತುಂಬಿದಂಗ ಆಗ್ತೈತಿ ಅಂತ ಬಾಯಿ ಮುಚಗೊಂಡೆ. ಕೇಳಿದ್ರ ಉಳೀತಿದ್ನೋ ಇಲ್ಲೋ, ಆ ದೇವರಿಗೇ ಗೊತ್ತು. ಆದ್ರ ಕೇಳಬೇಕಿತ್ತು, ತಮ್ಮಾ. ಅವತ್ತಿಂದ ನಾ ಯಾರಿಗೂ ಕೇಳದ ಬಿಡಂಗಿಲ್ಲ. ಮಂದಿ ಬಾಯಿಬಡಕಿ ಅಂತಾರ. ಅನ್ಲಿ."

ಮುಂದಿನದನ್ನೆಲ್ಲ ಕಾಕು ಮಂಟಪದ ಕೆಲಸದಷ್ಟೇ ಅವಸರದಿಂದ, ಅಷ್ಟೇ ಗಟ್ಟಿಯಾಗಿ ಮಾಡಿದಳು. ನಾನು ಏನು ಯೋಚಿಸಿದ್ದೆ ಎಂಬುದನ್ನು ಇಲ್ಲಿ ಬರೆಯುವುದಿಲ್ಲ, ಬರೆಯುವಂಥದ್ದೂ ಅಲ್ಲ. ಆಕೆಗೆ ಹೇಳಿದ್ದೆ. ಆಕೆ ನನ್ನ ಜೊತೆಗೇ ಮನೆಗೆ ಬಂದು, ಅಲ್ಲಿ ಇರಬಾರದಿದ್ದುದನ್ನು ಸೆರಗಿನಲ್ಲಿ ಸುತ್ತಿ ಒಯ್ದಳು. "ಇಬ್ಬರಿಗೆ ಹೇಳ್ತೇನಿ. ನೀ ಹೂಂ ಅಂದ್ರ ಮಾತ್ರ," ಎಂದಳು. ಹೂಂ ಎಂದೆ. ಅವತ್ತಿನಿಂದ ಇಬ್ಬರು ಡ್ರೈವರುಗಳು ಸರದಿಯ ಮೇಲೆ ನನ್ನ ಮನೆಯಲ್ಲೇ ಮಲಗತೊಡಗಿದರು. ಒಬ್ಬನ ಗೊರಕೆ ಖಾಲಿ ಲಾರಿ ಘಾಟು ಇಳಿಯುವ ಸದ್ದಿನಂತಿತ್ತು. ಅಷ್ಟು ಸದ್ದಿನಲ್ಲಿ ಯಾವ ಕೆಟ್ಟ ಯೋಚನೆಗೂ ಏಕಾಗ್ರತೆ ಸಿಗುವಂತಿರಲಿಲ್ಲ.

ಹೆಂಡತಿಗೆ ಫೋನು ಹಚ್ಚಿದವಳೂ ಆಕೆಯೇ. ಹಚ್ಚಿ ನನ್ನ ಕೈಗೆ ಕೊಟ್ಟು, "ನೀನ ಹೇಳು. ನಾ ಬಾಜೂಕ ಅದೇನಿ," ಎಂದಳು. ನಾನು ಹೇಳಿದೆ. ಆ ತುದಿಯಲ್ಲಿ ಹೆಂಡತಿ, "ನಾಳಿನ ಬಸ್ಸಿಗೆ ಬರ್ತೇನಿ. ಅಲ್ಲೀತನಕಾ ಕಾಕೂನ ಮನ್ಯಾಗ ಕುಂತಿರ್ರಿ, ಕದಲಬ್ಯಾಡ್ರಿ," ಎಂದಳು. ಗಂಡನ ಮನೆಯಿಂದ ತಂಗಿಯನ್ನು ಕರೆಸಿ, ತಾಯಿಯನ್ನೂ ಮಗಳನ್ನೂ ಅವಳಿಗೆ ಒಪ್ಪಿಸಿ ಬಂದಳು. ನನ್ನ ಗಡ್ಡ ನೋಡಿ ಅಳಬೇಕೋ ನಗಬೇಕೋ ತಿಳಿಯದೆ ಚೌತಿಯ ಹಬ್ಬಕ್ಕೆಂದು ತಂದ ಚಕ್ಕುಲಿಯ ಡಬ್ಬಿ ನನ್ನ ಕೈಗೆ ಕೊಟ್ಟಳು.

ಹಬ್ಬ ಮುಗಿದೊಡನೆ ನಾನು, ಹೆಂಡತಿ, ಕಾಕು ಮೂವರೂ ಮಡಗಾಂವಿನ ಸರಕಾರಿ ದವಾಖಾನೆಗೆ ಹೋದೆವು. ಮನಸ್ಸಿನ ಡಾಕ್ಟರು ಎಂದರೆ ನನ್ನ ಕಲ್ಪನೆಯಲ್ಲಿ ಸರಪಳಿಯೂ ಒಬ್ಬ ಕಾವಲುಗಾರನೂ ಇದ್ದರು. ಅಲ್ಲಿ ಇದ್ದುದು ನೆಗಡಿಯಾಗಿದ್ದ ಒಬ್ಬ ಸಣ್ಣ ವಯಸ್ಸಿನ ಹೆಣ್ಣುಮಗಳು. ನಿದ್ದೆ ಬರುತ್ತದೆಯೇ ಎಂದು ಅವರು ಹಿಂದಿಯಲ್ಲಿ ನನ್ನನ್ನು ಕೇಳಿದರು. ಕಾಕು ತನ್ನ ಹಿಂದಿಯಲ್ಲಿ, "ನೈ ಜೀ, ಬಿಲಕುಲ್ ನೈ," ಎಂದಳು. ಹಸಿವು? "ಆಧಾ ರೋಟಿ." ಅಳು ಬರುತ್ತದೆಯೇ? "ಚೌತಿ ಕೇ ಪಹಲೇ ಆಯಾ, ಅಚ್ಛಾ ಆಯಾ." ಕೊನೆಗೆ ಡಾಕ್ಟರು ಪೆನ್ನು ಕೆಳಗಿಟ್ಟು, ರೋಗಿ ಯಾರು ಎಂದು ವಿನಯದಿಂದ ಕೇಳಿದರು. ಇದೊಂದು ಕಾಯಿಲೆ, ಔಷಧಿಯಿದೆ, ಮಾತೂ ಬೇಕು, ಸಮಯ ಹಿಡಿಯುತ್ತದೆ, ನಡುವೆ ಬಿಡಬಾರದು ಎಂದು ತಿಳಿಸಿ ಹೇಳಿದರು. ಸಕ್ಕರೆ ಕಾಯಿಲೆಯ ಬಗ್ಗೆ ಹೇಳುವಷ್ಟೇ ಸಾದಾ ದನಿಯಲ್ಲಿ. ಆ ಸಾದಾ ದನಿಯೇ ನನಗೆ ಅರ್ಧ ಔಷಧಿಯಾಯಿತು.

ಬರುವ ದಾರಿಯಲ್ಲಿ ಕುಡಚಡೆಯಲ್ಲಿ ಇಳಿದಾಗ ಕಾಕು ನನ್ನನ್ನು ಒಬ್ಬ ಉಳ್ಳಾಗಡ್ಡಿ ವ್ಯಾಪಾರಿಯ ಅಂಗಡಿಗೆ ಎಳೆದುಕೊಂಡು ಹೋಗಿ, ಚೀಲ ತೂಗುವ ತಕ್ಕಡಿಯ ಮೇಲೆ ನಿಲ್ಲಿಸಿದಳು. "ಎಷ್ಟು?" ಎಂದಳು. ವ್ಯಾಪಾರಿ ಗಂಭೀರವಾಗಿ, "ಐವತ್ತೊಂದು," ಎಂದ. "ಕೇಳಿದೆಲ್ಲೋ? ಐವತ್ತೊಂದು. ಸೊನ್ನಿ ಎಲ್ಲೈತಿ?" ಎಂದು ಪೇಟೆಗೆಲ್ಲ ಕೇಳುವಂತೆ ಕೂಗಿದಳು. ಹದಿನೇಳು ವರ್ಷ ಲೋಕವನ್ನೆಲ್ಲ ತೂಗಿದ ಮನುಷ್ಯ ಉಳ್ಳಾಗಡ್ಡಿಯ ಸಿಪ್ಪೆಗಳ ನಡುವೆ ನಿಂತು ತನ್ನ ತೂಕ ಕೇಳಿಸಿಕೊಂಡ. ಅದಾದ ಮೇಲೆ ತಿಂಗಳಿಗೊಮ್ಮೆ ಆ ತಕ್ಕಡಿ ಏರುವುದು ನಿಯಮವಾಯಿತು. ಚಳಿಗಾಲಕ್ಕೆ ಐವತ್ತೆಂಟು ಮುಟ್ಟಿದಾಗ ವ್ಯಾಪಾರಿ ನನ್ನನ್ನು ನೋಡಿ, ಈ ಮಾಲು ಇನ್ನು ಅಂಗಡಿಯಲ್ಲಿ ಇಡಬಹುದು ಎಂದ.

ಎಲ್ಲ ನೆಟ್ಟಗೆ ಮೇಲೇರಿತು ಎಂದೇನೂ ಅಲ್ಲ. ನಡುವೆ ಹೊಸ್ತಿಲು ದಾಟಲಾಗದ ದಿನಗಳು ಬಂದವು. ಅಂಥ ದಿನ ಕಾಕು ಹರಿದ ತಾಡಪತ್ರಿ ಹೊತ್ತುಕೊಂಡು ನನ್ನ ಮನೆಗೇ ಬರುತ್ತಿದ್ದಳು. ಗಡ್ಡ ತೆಗೆ ಎಂದು ಆಕೆ ಒಮ್ಮೆಯೂ ಹೇಳಲಿಲ್ಲ. ದಸರೆಯ ಹಿಂದಿನ ದಿನ ನನಗೇ ಅದು ತುರಿಸತೊಡಗಿತು. ಕ್ಷೌರದಂಗಡಿಗೆ ಹೋಗಿ ಕುಳಿತೆ. ಕ್ಷೌರಿಕ ಎರಡು ಸಲ ಕೈ ತೊಳೆದುಕೊಂಡು ಕತ್ತರಿ ಎತ್ತಿದ. ಸಂತನೊಬ್ಬ ಅಲ್ಲಿ ಕುರ್ಚಿ ಏರಿದ, ಕ್ಲಾರ್ಕನೊಬ್ಬ ಇಳಿದುಬಂದ. ವಸ್ತಿಯ ಹೆಂಗಸರಿಗೆ ದೊಡ್ಡ ನಿರಾಸೆಯಾಯಿತು. ಪಕ್ಕದ ಮನೆಯಾಕೆ ಮಾತ್ರ ಒಂದು ಸಂಜೆ ರೇಡಿಯೋ ತಂದು ಕೊಟ್ಟು, ಸೆರಗು ಬಾಯಿಗಿಟ್ಟುಕೊಂಡು, "ತಿಳೀಲಿಲ್ರಿ ಸಾಹೇಬ್ರ, ಖರೇನ ತಿಳೀಲಿಲ್ಲ," ಎಂದಳು. ನಿಮಗೇನು, ನನಗೇ ತಿಳಿದಿರಲಿಲ್ಲ ಎಂದೆ.

ಮುಂದೆ ನನಗೆ ಫೋಂಡಾದ ಒಂದು ಸಣ್ಣ ಕಾರ್ಖಾನೆಯ ಗೇಟಿನಲ್ಲಿ ಕೆಲಸ ಸಿಕ್ಕಿತು. ಲಾರಿಗಳು ಬಹಳ ಕಾಲ ಬರಲಿಲ್ಲ. ಬಂದಾಗ ಪ್ಲಾಸ್ಟಿಕ್ಕಿನ ತಾಡಪತ್ರಿ ಹೊದ್ದು ಬಂದವು. ಅದು ಹರಿದರೆ ಯಾರೂ ಹೊಲಿಸುವುದಿಲ್ಲ, ಎಸೆಯುತ್ತಾರೆ. ಕಾಕು ಶೆಡ್ಡು ಬಿಚ್ಚಿ ಊರಿಗೆ ಹೊರಟಳು. ಬಸ್ ಸ್ಟ್ಯಾಂಡಿನಲ್ಲಿ ನನ್ನ ಕೈಗೆ ದಬ್ಬಣ ಕೊಟ್ಟಳು. "ನಿನಗ ಹೊಲಿಯಾಕ ಇನ್ನೂ ಬರಂಗಿಲ್ಲ," ಎಂದಳು. "ಆಚೀ ಕಡಿ ಯಾರರೆ ಕುಂತ್ರ ಬರ್ತೈತಿ." ಅದಾದ ಮೇಲೆ ಹಬ್ಬಕ್ಕೊಮ್ಮೆ ಫೋನು. ಎತ್ತಿದೊಡನೆ ಕೇಳುತ್ತಿದ್ದ ಪ್ರಶ್ನೆ ಒಂದೇ: "ಎಷ್ಟು ಕೇಜಿ?"

ನಾಲ್ಕು ವರ್ಷದ ಹಿಂದೆ ಒಂದು ಹಬ್ಬಕ್ಕೆ ಫೋನು ಬರಲಿಲ್ಲ. ನಾನೇ ಹಚ್ಚಿದೆ. ಸೊಸೆ ಎತ್ತಿದಳು. ಮಲಗಿದಲ್ಲೇ, ನಿದ್ದೆಯಲ್ಲೇ ಹೋದರಂತೆ. ಹೋಗಿ ಹದಿನೈದು ದಿನವಾಗಿತ್ತು. ನಿಮ್ಮ ನಂಬರು ಅತ್ತೆಗೆ ಬಾಯಿಪಾಠ, ಎಲ್ಲೂ ಬರೆದಿಟ್ಟಿರಲಿಲ್ಲ ಎಂದಳು. ಒಂದು ಹಿಡಿ ಮಣ್ಣು ಹಾಕಲೂ ಆಗಲಿಲ್ಲ... ಆಗ ನಾನು ಅರವತ್ತೆರಡು ಕೇಜಿ ಇದ್ದೆ. ಅದನ್ನು ಹೇಳುವುದಕ್ಕೆ ಯಾರೂ ಇರಲಿಲ್ಲ.

ಈಗ ತಾಡಪತ್ರಿಯ ವಿಷಯಕ್ಕೆ ಬರುತ್ತೇನೆ.

ನಮ್ಮ ಮನೆಯ ಎದುರಿಗೆ ಒಬ್ಬ ಗೌಂಡಿ ಇದ್ದಾನೆ, ಬಾಗಲಕೋಟೆ ಕಡೆಯವನು, ನಲವತ್ತರ ಆಸುಪಾಸು. ದಿನಾ ಸಂಜೆ ಕಟ್ಟೆಯ ಮೇಲೆ ಕುಳಿತು ಊರಿಗೆಲ್ಲ ಕೇಳುವಂತೆ ಹರಟುತ್ತಿದ್ದವನು ಒಂದು ತಿಂಗಳಿಂದ ಹೊರಗೆ ಕಾಣುತ್ತಿಲ್ಲ. "ಭಾಳ ಸುಧಾರಿಸ್ಯಾನ್ರಿ," ಎಂದು ಅವನ ಕೂಡ ಕೆಲಸ ಮಾಡುವವರು ಮೆಚ್ಚಿಕೊಂಡರು. ನಾನು ಮೊಳೆಗೆ ಹೋಗುವ ಹಿಂದಿನ ದಿನ ಅವನು ತನ್ನ ಮಟ್ಟಗೋಲು, ಕರಣೆ ಎಲ್ಲವನ್ನೂ ಇನ್ನೊಬ್ಬ ಗೌಂಡಿಗೆ ಕೊಟ್ಟುಬಿಟ್ಟನಂತೆ. ಎಷ್ಟು ದೊಡ್ಡ ಮನಸ್ಸು ಎಂದು ಹೆಂಡತಿಗೆ ಯಾರೋ ಹೇಳಿದರು. ಅವಳು ನನ್ನ ಮುಖ ನೋಡಿದಳು. ನಾನು ಅವಳ ಮುಖ ನೋಡಿದೆ.

ಅಂಗಡಿಯಿಂದ ತಂದ ತಾಡಪತ್ರಿಯ ನಡುವೆ ಹರಕಿರಲಿಲ್ಲ. ಭಾನುವಾರ ಬೆಳಿಗ್ಗೆ ಕುಡುಗೋಲಿನಿಂದ ನಾನೇ ಒಂದು ಮೊಳ ಹರಿದೆ. ಹೆಂಡತಿ ಅದನ್ನು ಅಂಗಳದ ಹಗ್ಗದ ಮೇಲೆ ಇಳಿಬಿಟ್ಟಳು. ನಾನು ಎದುರು ಮನೆಗೆ ಹೋಗಿ ಬಾಗಿಲು ಬಡಿದು, "ತಮ್ಮಾ, ಆಚೀ ಕಡಿ ಕುಂದ್ರಾಕ ಮಂದಿ ಇಲ್ಲ. ಒಂದೀಟು ಬಾ," ಎಂದೆ. ನಂಗ ಹೊಲಿಯಾಕ ಬರಂಗಿಲ್ರಿ ಎಂದ. ನನಗೂ ಬರುವುದಿಲ್ಲ ಎಂದೆ. ಬಂದ.

ಮೇಣದ ವಾಸನೆ, ಸೀಮೆಎಣ್ಣೆ, ಚೂರು ಇಲಿ. ಕಾಕುವಿನ ದಬ್ಬಣ ಚುಚ್ಚಿ "ಬಂತೇನು?" ಎಂದೆ. "ಬಂತ್ರಿ," ಎಂದ. ಹೀಗೆ ಎಂಟು ಹತ್ತು ಹೊಲಿಗೆ ಹಾಕಿದೆವು, ಒಂದೂ ನೆಟ್ಟಗಿರಲಿಲ್ಲ. ಕೇಳಬೇಕಾದ ಮಾತಿನ ಬದಲು ನಾನು ಮತ್ತೆ ಮತ್ತೆ ಬರೀ ದಬ್ಬಣವನ್ನೇ ಕಳಿಸುತ್ತಿದ್ದೆ. ಕೇಳುವವನಿಗೂ ಇಷ್ಟು ಕಷ್ಟ ಎಂಬುದು ನನಗೆ ಗೊತ್ತಿರಲಿಲ್ಲ. ಕಾಕು ಅದನ್ನು ಹೇಳಿರಲೇ ಇಲ್ಲ. ಆಕೆಯಿದ್ದಿದ್ದರೆ ಇಷ್ಟು ಹೊತ್ತು ಕಾಯುತ್ತಿರಲಿಲ್ಲ.

ಕೇಳಿದೆ.

ಆಚೆ ದಾರ ನಿಂತಿತು. ನಾನು ಏನೂ ಹೇಳದೆ, ಏಳದೆ, ಕುಳಿತೇ ಇದ್ದೆ. ತಂಬಾಕಿನ ಅಭ್ಯಾಸ ನನಗಿಲ್ಲ. ಆದ್ದರಿಂದ ನಾನಿನ್ನೂ ಇಲ್ಲೇ ಇದ್ದೇನೆ ಎಂದು ಅವನಿಗೆ ತಿಳಿಯಲೆಂದು ಆಗಾಗ ಕೆಮ್ಮುತ್ತಿದ್ದೆ. ಬಹಳ ಹೊತ್ತಿನ ಮೇಲೆ ಬಟ್ಟೆಯ ಆಚೆಯಿಂದ, "ಹೆಂಗ ಗೊತ್ತಾತ್ರಿ ಕಾಕಾ?" ಎಂಬ ಮಾತು ಬಂತು.

ಹೆಂಡತಿ ಒಳಗೆ ಡಾಕ್ಟರಿಗೆ ಹಚ್ಚಲು ಫೋನು ಹುಡುಕುತ್ತಿದ್ದಳು. ನಾನು ದಬ್ಬಣವನ್ನು ಬಟ್ಟೆಗೆ ಸಿಕ್ಕಿಸಿ, ಕಾಲು ನೀಡಿ ಕುಳಿತು, ನಾನು ಸಂತನಾಗಿದ್ದ ಕಥೆಯನ್ನು ಮೊದಲಿನಿಂದ ಹೇಳತೊಡಗಿದೆ.